ಹೆಗಲ ಕುರು, ಚೀಲದ ದಬ್ಬಣ

ಗೋದಾಮಿನ ದೊಡ್ಡ ಬಾಗಿಲ ಪಕ್ಕ, ಬೆಳಕು ಚೆನ್ನಾಗಿ ಬೀಳುವ ಕಡೆ ಮಣೆ ಹಾಕಿಕೊಂಡು ಕೂತು ಚೀಲಗಳ ಬಾಯಿ ಹೊಲಿಯುವುದು ಅವಳ ಕಸುಬು. ಗೇಣುದ್ದದ ದಬ್ಬಣ, ತುದಿಯಲ್ಲಿ ತುಸು ಬಾಗಿದ್ದು. ಅದಕ್ಕೆ ಸೆಣಬಿನ ದಾರ ಪೋಣಿಸಿ ಒಂದು ಬಾಯಿಗೆ ಹದಿನಾಲ್ಕು ಹೊಲಿಗೆ ಹಾಕಬೇಕು. ಹದಿಮೂರಾದರೆ ಕಾಳು ಸೋರುತ್ತದೆ, ಹದಿನೈದಾದರೆ ದಾರ ದಂಡ. ಮಾತು ಹೆಚ್ಚಾದವರನ್ನು ಕಂಡರೆ ಹಮಾಲಿಗಳು, "ಅಕ್ಕಾ, ಇವನಿಗೂ ಹದಿನಾಲ್ಕು ಹಾಕು" ಎನ್ನುತ್ತಿದ್ದರು. ಅವಳು ದಬ್ಬಣ ಎತ್ತಿ ತೋರಿಸಿದರೆ ಸಾಕು, ಅಷ್ಟರಲ್ಲೇ ನಗು ಹರಡುತ್ತಿತ್ತು.

ಹೊಲಿದ ಚೀಲಗಳನ್ನು ಲಾರಿಗೆ ಹೊರುವವರಲ್ಲಿ ಅವಳ ಗಂಡನೂ ಒಬ್ಬ. ಅವನನ್ನು ಎಲ್ಲರೂ ಕಂಬ ಎಂದೇ ಕರೆಯುವುದು. ಮೂಟೆ ಹೆಗಲೇರಿದರೆ ಉಳಿದವರು ಬಾಗುತ್ತಾರೆ, ಇವನು ಇನ್ನಷ್ಟು ನೆಟ್ಟಗಾಗುತ್ತಾನೆ. ನೆಟ್ಟಗಿರುವುದು ಅವನಿಗೆ ದೇವರು ಕೊಟ್ಟ ವರ. ವರ ಪಡೆದವರಿಗೆ ತುಸು ಗರ್ವವೂ ಇರುತ್ತದೆ. ನೋವು ಎಂಬ ಮಾತು ಅವನ ಬಾಯಿಂದ ಬಂದದ್ದನ್ನು ಹೆತ್ತ ತಾಯಿಯೂ ಕೇಳಿರಲಿಲ್ಲ.

ಮೂಟೆ ಉಜ್ಜುವ ಹೆಗಲಿಗೆ ಆಗಾಗ ಕುರು ಏಳುವುದುಂಟು. ಅದಕ್ಕೆ ಗೋದಾಮಿನಲ್ಲಿ ಹಿಂದಿನಿಂದ ಬಂದ ಒಂದು ರೂಢಿ ಇತ್ತು. ಮುಳ್ಳನ್ನು ಮುಳ್ಳಿನಿಂದಲೇ ತೆಗೆಯಬೇಕು, ಚೀಲ ಕೊಟ್ಟ ಕುರುವನ್ನು ಚೀಲದ ದಬ್ಬಣವೇ ಒಡೆಯಬೇಕು. ಒಡೆದ ಮೇಲೆ ಗಾಯ ಮಾಯುವ ತನಕ ಅದರ ಹೆಸರೆತ್ತಬಾರದು. ಹೆಸರು ಹಿಡಿದು ಕರೆದರೆ ಹೋದ ನೆಂಟ ತಿರುಗಿ ಬರುತ್ತಾನಂತೆ.

ಕಂಬನ ಬಲಹೆಗಲ ಮೇಲೆ ನೇರಳೆ ಹಣ್ಣಿನಷ್ಟು ದಪ್ಪನೆ ಕುರು ಎದ್ದಾಗ ಅವಳೇ ದಬ್ಬಣ ಹಿಡಿದಳು. ಬೆಳಗ್ಗೆ ಕೆಲಸಕ್ಕೆ ಹೋಗುವ ಮುಂಚೆ, ಹಿತ್ತಲ ಕಲ್ಲಿನ ಮೇಲೆ ಅವನನ್ನು ಕೂರಿಸಿ, ದಬ್ಬಣವನ್ನು ಬಟ್ಟೆಯಂಚಿಗೆ ಒರೆಸಿ ಚುಚ್ಚಿದಳು. ಕೀವು ಬಂತು. ಹಿಂಡಿದಳು, ಇನ್ನಷ್ಟು ಬಂತು. ಅದರ ಮೇಲೆ ಹರಕು ಬಟ್ಟೆ ಮಡಿಸಿ ಇಟ್ಟಳು. ಅವನು ಅಂಗಿ ಹಾಕಿಕೊಂಡು ಅವತ್ತೂ ಮೂಟೆ ಹೊತ್ತ. ಅದೇ ದಬ್ಬಣದಿಂದ ಅವಳು ಅವತ್ತೂ ಚೀಲ ಹೊಲಿದಳು. ವಾರ ಕಳೆಯುವಷ್ಟರಲ್ಲಿ ಮೇಲೆ ಹಕ್ಕಳೆ ಕಟ್ಟಿತು. ನೆಂಟ ಹೋದ ಎಂದುಕೊಂಡರು.

ಮೂರನೆಯ ವಾರ ಬೆನ್ನು ನೋವು ಶುರುವಾಯಿತು.

ಮೊದಲೆರಡು ದಿನ ಅವನು ಹೇಳಲೇ ಇಲ್ಲ. ಮೂರನೆಯ ದಿನ ಮೂಟೆ ಇಳಿಸಿದವನು ಗೋಡೆ ಹಿಡಿದು ನಿಂತುಬಿಟ್ಟ. ಜೊತೆಯವರು ಅವನನ್ನು ಖಾಲಿ ಚೀಲಗಳ ಮೇಲೆ ಬೋರಲು ಮಲಗಿಸಿ, ತಮ್ಮ ರೂಢಿಯಂತೆ ಬೆನ್ನು ತುಳಿಯಲು ಹೋದರು. ಹೆಗಲ ಮೂಳೆಗಳ ನಡುವೆ ಹೆಜ್ಜೆ ಬಿದ್ದದ್ದೇ ತಡ, ಕಂಬ ಕೂಗಿದ ಕೂಗಿಗೆ ಸೂರಿನ ಪಾರಿವಾಳಗಳು ಹಾರಿದವು. ಅವಳ ಕೈಯ ಹೊಲಿಗೆ ಒಂಬತ್ತಕ್ಕೇ ನಿಂತಿತು.

ರಾತ್ರಿಗಳಲ್ಲಿ ಚಳಿ ಬಂದು ಮೈ ಸುಡತೊಡಗಿತು. ಅಂಗಡಿಯಿಂದ ಜ್ವರದ ಮಾತ್ರೆ ತಂದಳು. ನುಂಗಿದರೆ ಇಳಿಯುತ್ತಿತ್ತು, ಆರು ತಾಸು ಕಳೆದರೆ ಮತ್ತೆ ಏರುತ್ತಿತ್ತು. ಬೀದಿಯ ಕೊನೆಯ ಕ್ಲಿನಿಕ್ಕಿಗೆ ಹೊರಟಾಗ, ದೊಡ್ಡವರ ಮನೆಗೆ ಹೋಗುವ ಮುಂಚೆ ಮುಖ ತೊಳೆದುಕೊಳ್ಳುವ ಹಾಗೆ, ಅವನು ಒಂದು ಮಾತ್ರೆ ನುಂಗಿಯೇ ಹೋದ. ಅಲ್ಲಿನ ಡಾಕ್ಟರು ಜ್ವರ ನೋಡಿದಾಗ ಜ್ವರ ಇರಲಿಲ್ಲ.

"ಏನ್ ಕೆಲಸ ನಿಮ್ದು?"

"ಮೂಟೆ ಹೊರ್ತೀನಿ ಸಾರ್."

"ಮೂಟೆ ಹೊರೋರಿಗೆ ಬೆನ್ನು ನೋಯದೆ ಮೂಗು ನೋಯುತ್ತಾ? ಸ್ನಾಯು ಹಿಡ್ಕೊಂಡಿದೆ. ಐದು ದಿನ ಮಲ್ಕೊಳ್ಳಿ."

ಡಾಕ್ಟರು ನಕ್ಕರು, ಕಂಬನೂ ನಕ್ಕ. ಅವಳಿಗೆ ಮಾತ್ರ ನಗು ಬರಲಿಲ್ಲ. ಹೆಗಲ ಹಕ್ಕಳೆ ನೆನಪಾಯಿತು. ಆದರೆ ಹೆಗಲಿಗೂ ಬೆನ್ನಿಗೂ ಏನು ಸಂಬಂಧ, ಮೇಲಾಗಿ ಹೆಸರೆತ್ತಬಾರದಲ್ಲ, ಎಂದು ತುಟಿ ಬಿಗಿದು ಹೊರಬಂದಳು.

ಐದು ದಿನ ಅವನು ಮಲಗಿದ. ನೋವು ಮಲಗಲಿಲ್ಲ. ಬೆನ್ನಿನಿಂದ ಹೊರಟು ಪಕ್ಕೆಲುಬಿನ ಸುತ್ತ ಹಗ್ಗ ಬಿಗಿದಂತೆ ಹೊಟ್ಟೆಗೆ ಬರುತ್ತಿತ್ತು. ಅವಳು ಕಾಲು ಸುಟ್ಟ ಬೆಕ್ಕಿನಂತೆ ಒಳಗೂ ಹೊರಗೂ ತಿರುಗುತ್ತಿದ್ದಳು. ಕುದಿಯಲು ಇಟ್ಟ ನೀರನ್ನು ಮರೆಯುವಳು, ಮುಚ್ಚಿದ ಕಿಟಕಿಯನ್ನು ಮತ್ತೆ ಮುಚ್ಚಲು ಹೋಗುವಳು.

"ಏನೇ, ನೆಲ ಸವೆದುಹೋಗುತ್ತೆ. ಒಂದ್ಕಡೆ ಕೂತ್ಕೊ," ಎಂದಳು ಅತ್ತೆ. ಮೂಲೆಯಲ್ಲಿ ಕೂತು ದೇವರ ನಾಮ ಹೇಳುವುದು ಮುದುಕಿಯ ಅಭ್ಯಾಸ. ಎರಡು ನಾಮಗಳ ನಡುವೆ ಒಂದು ಕೊಂಕು ತೂರಿಸುವುದೂ ಅಭ್ಯಾಸವೇ.

"ಕೂತ್ರೆ ಮುಳ್ಳು ಚುಚ್ಚಿದಂಗಾಗುತ್ತೆ ಅತ್ತೆ."

"ಗಂಡ ಮನೇಲಿದ್ರೆ ಹೆಂಡ್ತಿಗೆ ಮುಳ್ಳು, ಹೊರಗೋದ್ರೆ ದಿಗಿಲು. ಯಾವಾಗ ಸುಖವೋ ನಿಂಗೆ."

ಆರನೆಯ ಬೆಳಗ್ಗೆ ಕಂಬ ಗೋಡೆ ಹಿಡಿದು ಬಚ್ಚಲಿಗೆ ಹೊರಟ. ನಾಲ್ಕು ಹೆಜ್ಜೆ ಇಟ್ಟಾಗ ಎಡಗಾಲ ಚಪ್ಪಲಿ ಕಳಚಿ ಹಿಂದೆ ಉಳಿಯಿತು. ಅವನು ನಿಲ್ಲಲಿಲ್ಲ, ಬಗ್ಗಿ ನೋಡಲೂ ಇಲ್ಲ. ಬರಿಗಾಲು ತಣ್ಣನೆ ನೆಲದ ಮೇಲೆ ಎಳೆದುಕೊಂಡು ಹೋಯಿತು.

"ರೀ, ಚಪ್ಪಲಿ."

"ಏನ್ ಚಪ್ಪಲಿ?"

"ಕಾಲಲ್ಲಿಲ್ಲ ನೋಡಿ."

ಅವನು ಕೆಳಗೆ ನೋಡಿದ. ಬೇರೆ ಯಾರದೋ ಕಾಲು ನೋಡುವ ಹಾಗೆ ನೋಡಿದ. "ಜೋಮು ಹಿಡಿದಿದೆ ಅಷ್ಟೇ," ಎಂದ. ಬಚ್ಚಲಲ್ಲಿ ತುಂಬ ಹೊತ್ತು ನಿಂತ. ಅವಳು ಹೊರಗೆ ಕಿವಿಗೊಟ್ಟು ನಿಂತಿದ್ದಳು. ನೀರು ಬಿದ್ದ ಸದ್ದು ಕೇಳಲಿಲ್ಲ. ಹಿಂದಿನ ಸಂಜೆಯಿಂದಲೂ ಕೇಳಿರಲಿಲ್ಲ ಎಂಬುದು ಆಗ ಹೊಳೆಯಿತು.

ಅವಳು ಗೋದಾಮಿಗೆ ಓಡಿದಳು. ಹಮಾಲಿಗಳು ಮೂಟೆ ಸಾಗಿಸುವ ತಳ್ಳುಗಾಡಿಯನ್ನೇ ಮನೆ ಬಾಗಿಲಿಗೆ ತಂದರು. ಕಂಬ ಹತ್ತಲು ಒಪ್ಪಲಿಲ್ಲ. "ನಡೀತೀನಿ ಕಣ್ರೋ, ಬಿಡಿ."

"ಇಪ್ಪತ್ತು ವರ್ಷ ನೀನು ಹೊತ್ತೆ. ಇವತ್ತು ನೀನೇ ಮೂಟೆ. ಮೂಟೆ ಮಾತಾಡಲ್ಲ, ತೆಪ್ಪಗಿರು," ಎಂದು ಹಮಾಲಿಗಳ ಮೇಸ್ತ್ರಿ ಅವನನ್ನು ಎತ್ತಿ ಚೀಲಗಳ ಮೆತ್ತೆಯ ಮೇಲೆ ಮಲಗಿಸಿದ. ಗಾಡಿ ಪ್ರತಿ ಗುಂಡಿಗೆ ಇಳಿದಾಗಲೂ ಕಂಬ ಹಲ್ಲು ಕಚ್ಚಿದ. ಅವಳು ಪಕ್ಕದಲ್ಲೇ ಓಡುತ್ತಿದ್ದಳು. ಸೊಂಟದ ಸಂಚಿಯಲ್ಲಿದ್ದ ದಬ್ಬಣ ತೊಡೆಗೆ ತಟ್ಟುತ್ತಿತ್ತು. ಹೊರಡುವ ಮುಂಚೆ ಅವನು ಮತ್ತೊಂದು ಮಾತ್ರೆ ನುಂಗಿದ್ದ.

ದೊಡ್ಡಾಸ್ಪತ್ರೆಯ ತುರ್ತು ವಿಭಾಗದಲ್ಲಿ ಜನ ಕಿಕ್ಕಿರಿದಿದ್ದರು. ಕಣ್ಣ ಕೆಳಗೆ ನಿದ್ದೆಗೆಟ್ಟ ಕಪ್ಪಿದ್ದ ಡಾಕ್ಟರಮ್ಮ ಒಬ್ಬರು ಬಂದರು. ಜ್ವರ ನೋಡಿದರು, ಇರಲಿಲ್ಲ. ಮಗ್ಗುಲಿಗೆ ತಿರುಗಿಸಿ, ಮುಷ್ಟಿಯ ಅಂಚಿನಿಂದ ಬೆನ್ನುಮೂಳೆಯ ಗೆಣ್ಣುಗಳನ್ನು ಒಂದೊಂದಾಗಿ ಮೆಲ್ಲಗೆ ತಟ್ಟುತ್ತ ಬಂದರು. ಹೆಗಲ ಮೂಳೆಗಳ ನಡುವಿನ ಒಂದು ಗೆಣ್ಣಿಗೆ ಬಂದಾಗ ಅವನ ಇಡೀ ಮೈ ಸೆಟೆಯಿತು.

"ಮೂತ್ರ ಸರಿಯಾಗಿ ಹೋಗ್ತಿದೆಯಾ?"

"ಹೋಗ್ತಿದೆ," ಎಂದ ಕಂಬ. ಹೆಂಗಸಿನ ಮುಂದೆ ಅದನ್ನು ಹೇಗೆ ಹೇಳುವುದು.

"ಇತ್ತೀಚೆಗೆ ಜ್ವರ? ಎಲ್ಲಾದ್ರೂ ಗಾಯ, ಕುರು, ಇಂಜೆಕ್ಷನ್ ಚುಚ್ಚಿಸ್ಕೊಂಡಿದ್ದು?"

"ಏನಿಲ್ಲ." ಅವನ ಕಣ್ಣು ಹೆಂಡತಿಯ ಕಡೆ ಹೊರಳಿತು. ಸುಮ್ಮನಿರು ಎನ್ನುವ ಕಣ್ಣು ಅದು. ಅವಳು ಸುಮ್ಮನಿದ್ದಳು. ಅಂಗಿಯ ಕಾಲರಿನ ಕೆಳಗೆ ಹಕ್ಕಳೆ ಅಡಗಿಕೊಂಡಿತ್ತು.

"ಡಿಸ್ಕ್ ಜಾರಿರಬಹುದು. ಎಡಗಾಲು ಸ್ವಲ್ಪ ಸೋತಿದೆ," ಎಂದು ಡಾಕ್ಟರಮ್ಮ ಬರೆದುಕೊಂಡರು. "ಎಂ.ಆರ್.ಐ. ಮಾಡಿಸಬೇಕು. ಇವತ್ತು ತುಂಬ ಜನ ಇದ್ದಾರೆ. ನಾಳೆ ಬೆಳಗ್ಗೆ ಸೊಂಟದ ಸ್ಕ್ಯಾನ್ ಆಗುತ್ತೆ. ಇಲ್ಲೇ ಮಲಗಿರಲಿ." ಅಷ್ಟರಲ್ಲಿ ಅತ್ತ ಕಡೆಯಿಂದ ಯಾರೋ ಕರೆದರು, ಅವರು ಹೋದರು.

ಮೇಸ್ತ್ರಿಯೂ ಹಮಾಲಿಗಳೂ ಕೆಲಸಕ್ಕೆ ಮರಳಿದರು. ಮೊಗಸಾಲೆಯಲ್ಲಿ, ಗಾಲಿ ಮಂಚದ ಮೇಲೆ ಕಂಬ. ಗೋಡೆಯ ಬೆಂಚಿನ ಮೇಲೆ, ಹಿಂದಿನಿಂದ ಹೇಗೋ ಬಂದು ಸೇರಿದ ಅತ್ತೆ. ಸೊಸೆ ಆ ಕಡೆಯಿಂದ ಈ ಕಡೆಗೆ ನಡೆಯುತ್ತಿದ್ದಳು. ನೆಲಕ್ಕೆ ಚೌಕದ ಹಾಸುಗಳು. ಹದಿನಾಲ್ಕು ಎಣಿಸಿ ತಿರುಗುವಳು, ಮತ್ತೆ ಹದಿನಾಲ್ಕು ಎಣಿಸಿ ತಿರುಗುವಳು. ಬಾಯಲ್ಲಿ ಬಿಸಿ ತುಪ್ಪ ಇದ್ದಂತಿತ್ತು ಅವಳ ಪಾಡು. ಹೇಳಿದರೆ ಕುರು ತಿರುಗಿ ಬರುತ್ತದೆ. ಹೇಳಿದರೆ, ಗಂಡನ ಮೈಗೆ ದಬ್ಬಣ ಚುಚ್ಚಿದವಳು ಎಂದು ಹತ್ತು ಜನರೆದುರು ಆಗುತ್ತದೆ. ಹೇಳದಿದ್ದರೆ? ಆ ಪ್ರಶ್ನೆಯ ಹತ್ತಿರ ಬಂದಾಗಲೆಲ್ಲ ಹಾಸುಗಳ ಲೆಕ್ಕ ತಪ್ಪುತ್ತಿತ್ತು. ದೇವರೇ, ನೀನೇ ಒಂದು ದಾರಿ ತೋರಿಸು ಎಂದು ಬೇಡಿಕೊಂಡಳು. ದೇವರು ದಾರಿ ತೋರಿಸುವುದು ಬಹಳ ಸಲ ಸಣ್ಣ ಮಾತಿನ ಮೂಲಕವೇ. ಆದರೆ ಕೇಳುವವರು ಒಂದು ಗಳಿಗೆ ನಿಲ್ಲಬೇಕು.

"ಚಳಿ ಆಗ್ತಿದೆ," ಎಂದ ಕಂಬ. "ಕಾಲಿಗೆ ಏನಾದ್ರೂ ಹೊದಿಸೇ."

ಅವಳು ನಿಂತಳು. ಅವನ ಕಾಲ ಮೇಲೆ ಆಸ್ಪತ್ರೆಯ ದಪ್ಪ ಕಂಬಳಿ ಇತ್ತು. ಆಗಲೇ ಅವಳೇ ಹೊದಿಸಿ, ಅಂಚುಗಳನ್ನು ಪಾದದ ಕೆಳಗೆ ಸಿಕ್ಕಿಸಿದ್ದಳು.

ಕಂಬಳಿ ಸರಿಸಿ ಬಲಗಾಲ ಹೆಬ್ಬೆರಳನ್ನು ಹಿಂಡಿದಳು. ಬೆಳಗ್ಗೆ ನೆಟ್ಟಗಿದ್ದ ಕಾಲು ಅದು. "ಬೇಗ ಹೊದಿಸೇ ಮಾರಾಯ್ತಿ," ಎಂದ ಅವನು, ಸೂರು ನೋಡುತ್ತ.

ಅವಳು ತಿರುಗಿ ನೋಡದೆ ನಡೆದಳು. ಡಾಕ್ಟರಮ್ಮ ಒಂದು ಮೇಜಿನ ಮುಂದೆ ನಿಂತು ಬರೆಯುತ್ತಿದ್ದರು. ಅವಳು ಸಂಚಿಯಿಂದ ದಬ್ಬಣ ತೆಗೆದು ಆ ಕಾಗದಗಳ ಮೇಲೇ ಇಟ್ಟಳು.

"ಏನಮ್ಮ ಇದು?"

"ಚೀಲ ಹೊಲಿಯೋ ದಬ್ಬಣ. ಅವರ ಹೆಗಲಲ್ಲಿ ಕುರು ಎದ್ದಿತ್ತು. ನಾನೇ ಇದ್ರಲ್ಲಿ ಚುಚ್ಚಿ ಕೀವು ತೆಗೆದೆ. ತಿಂಗಳಾಗ್ತಾ ಬಂತು." ಮೊಗಸಾಲೆಯ ಕಡೆ ಕೈ ತೋರಿಸಿದಳು. "ಅವರು ಸುಳ್ಳು ಹೇಳಿದ್ರು. ಜ್ವರ ಹತ್ತು ದಿನದಿಂದ ಇದೆ, ಮಾತ್ರೆ ನುಂಗಿ ಬಂದಿದ್ದಾರೆ. ನಿನ್ನೆ ಸಂಜೆಯಿಂದ ಮೂತ್ರ ಆಗಿಲ್ಲ. ಈಗ ಹೆಬ್ಬೆರಳು ಹಿಂಡಿದ್ರೂ ಗೊತ್ತಾಗ್ತಿಲ್ಲ."

ಡಾಕ್ಟರಮ್ಮನ ಪೆನ್ನು ನಿಂತಿತು. ಬೈಯುತ್ತಾರೆ ಎಂದು ಅವಳು ತಲೆ ತಗ್ಗಿಸಿದಳು. ಅವರು ಬೈಯಲಿಲ್ಲ, ಓಡಿದರು.

ಮುಂದಿನದೆಲ್ಲ ಅವಳ ಕಣ್ಣ ಮುಂದೆ ಗಾಳಿಗೆ ಪುಟ ಮಗುಚಿದಂತೆ ನಡೆಯಿತು. ಅಂಗಿ ಬಿಚ್ಚಿ ಹಕ್ಕಳೆ ನೋಡಿದರು. ಜ್ವರ ಅಳೆದರು, ಮಾತ್ರೆಯ ಬಲ ಇಳಿದು ಅದು ಏರುತ್ತಿತ್ತು. ನಳಿಕೆ ಹಾಕಿದಾಗ ಮೂತ್ರ ಚೀಲದ ತುಂಬ ಬಂತು. ರಕ್ತ ತೆಗೆದರು. ಸಕ್ಕರೆ ಮುನ್ನೂರರ ಮೇಲಿತ್ತು. ಸಕ್ಕರೆ ಕಾಯಿಲೆ ಇದೆಯೆಂದು ಅವನಿಗೂ ಗೊತ್ತಿರಲಿಲ್ಲ. ಕಿರಿಯ ಡಾಕ್ಟರೊಬ್ಬರು, ಸೊಂಟದಲ್ಲಿ ಸೂಜಿ ಹಾಕಿ ಬೆನ್ನಿನ ನೀರು ತೆಗೆದು ನೋಡೋಣವೇ ಎಂದರು.

"ಬೇಡವೇ ಬೇಡ," ಎಂದರು ಡಾಕ್ಟರಮ್ಮ. "ದಾರೀಲಿ ಕೀವಿದ್ರೆ ಸೂಜಿಯೇ ಅದನ್ನ ಒಳಗೆ ಒಯ್ಯುತ್ತೆ. ಸ್ಕ್ಯಾನ್ ಈಗಲೇ. ಸೊಂಟ ಮಾತ್ರ ಅಲ್ಲ, ಕತ್ತಿನಿಂದ ಬುಡದ ತನಕ ಪೂರ್ತಿ ಬೆನ್ನು, ಔಷಧಿ ಚುಚ್ಚಿ ಚಿತ್ರ ತೆಗೀಬೇಕು. ಸರ್ಜನ್‌ಗೆ ಫೋನ್ ಮಾಡಿ."

ಸ್ಕ್ಯಾನ್ ಮುಗಿಯುವ ಹೊತ್ತಿಗೆ ಮಧ್ಯಾಹ್ನ. ಸರ್ಜನ್ ತೆಳ್ಳಗೆ, ನರೆತ ಗಡ್ಡದ ಮನುಷ್ಯ. ಬೆಳಗುವ ಪರದೆಯ ಮುಂದೆ ಅವಳನ್ನೂ ಅತ್ತೆಯನ್ನೂ ನಿಲ್ಲಿಸಿ ತೋರಿಸಿದರು. ಮೂಳೆಗಳ ಸಾಲಿನೊಳಗೆ ಒಂದು ನಸುಗಪ್ಪು ಹಗ್ಗ. ಹೆಗಲ ನಡುವೆ, ಹಗ್ಗದ ಹಿಂದೆ, ಅಂಚು ಬೆಳಗುವ ಒಂದು ಉದ್ದನೆ ಮುದ್ದೆ. ಕೆಳಗೆ ಸೊಂಟದ ಹತ್ತಿರ ಇನ್ನೊಂದು, ಚಿಕ್ಕದು.

"ಹೆಗಲ ಕೀವಿನ ಬೀಜ ರಕ್ತದಲ್ಲಿ ಹೋಗಿ ಇಲ್ಲಿ ಕೂತಿದೆ. ನರದ ಹೊದಿಕೆಗೂ ಮೂಳೆಗೂ ನಡುವೆ. ನೀವು ಚೀಲ ಹೊಲೀತೀರಂತೆ. ಚೀಲಕ್ಕೆ ಹೆಚ್ಚು ತುಂಬಿದ್ರೆ ಏನಾಗುತ್ತೆ?"

"ಹೊಲಿಗೆ ಬಿರಿಯುತ್ತೆ."

"ಇದು ಮೂಳೆಯ ಚೀಲ, ಬಿರಿಯಲ್ಲ. ಒಳಗಿನ ನರವೇ ನಜ್ಜಾಗುತ್ತೆ. ಹಿಂದಿನ ಮೂಳೆಯ ಮುಚ್ಚಳ ತೆಗೆದು ಕೀವು ತೊಳೀಬೇಕು, ಈಗಲೇ. ಆಮೇಲೆ ಆರು ವಾರವಾದ್ರೂ ರಕ್ತನಾಳದ ಮೂಲಕ ಔಷಧಿ."

"ಕಾಲು?"

"ಕಾಲು ಸೋತಿದ್ದು ಇವತ್ತೇ. ಅದೇ ನಮ್ಮ ಪುಣ್ಯ. ಪೂರ್ತಿ ನಿಂತು ದಿನ ಕಳೆದಿದ್ರೆ ನಾನು ಕತ್ತಿ ಹಿಡಿದೂ ಉಪಯೋಗ ಇರ್ತಿರಲಿಲ್ಲ. ಬರುತ್ತೆ ಅಂತ ಮಾತು ಕೊಡಲಾರೆ. ನಾಳೆ ಬೆಳಗ್ಗೆ ತನಕ ಕಾದಿದ್ರೆ ಬರಲ್ಲ ಅಂತ ಮಾತ್ರ ಹೇಳಬಲ್ಲೆ."

ಅವಳು ರುಜು ಹಾಕಿದಳು.

ಬಾಗಿಲು ಮುಚ್ಚಿತು. ಹೊರಗೆ ಅವಳಿಗೆ ಮತ್ತೆ ಅದೇ ಹಾಸುಗಳು, ಅದೇ ಹದಿನಾಲ್ಕು. ಅತ್ತೆ ಈಗ ಕೊಂಕು ಮರೆತು ಬರೀ ನಾಮ ಹೇಳುತ್ತಿದ್ದಳು. ಒಂದು ತಾಸಾದ ಮೇಲೆ ಅವಳು ಬಂದು ಮುದುಕಿಯ ಕಾಲ ಬಳಿ ನೆಲದ ಮೇಲೆ ಕೂತಳು.

"ಅತ್ತೆ, ನಾನೇ ಚುಚ್ಚಿದ್ದು."

"ಕೇಳಿಸ್ಕೊಂಡೆ. ಇಡೀ ಆಸ್ಪತ್ರೆ ಕೇಳಿಸ್ಕೊಂಡಿದೆ."

"ಬೈದುಬಿಡಿ."

ಮುದುಕಿ ನಾಮ ನಿಲ್ಲಿಸಿದಳು. "ಆ ದಬ್ಬಣ ಯಾರದು?" ಎಂದಳು.

"ನಿಮ್ದು. ಮದುವೆ ಆದ ವರ್ಷ ಕೊಟ್ಟಿದ್ರಿ."

"ಅದ್ರಲ್ಲೇ ನಿಮ್ಮ ಮಾವನ ಹೆಗಲು ಮೂರು ಸಲ ಚುಚ್ಚಿದ್ದೀನಿ. ಅವರಿಗೇನೂ ಆಗ್ಲಿಲ್ಲ. ಅದಕ್ಕೇ ನಾನು ನಂಬಿದೆ, ನಿಂಗೂ ಹೇಳ್ಕೊಟ್ಟೆ. ಮೂರು ಸಲ ದೇವರು ಕಾಪಾಡ್ದ. ನಾವು ಅದನ್ನ ದಬ್ಬಣದ ಮಹಿಮೆ ಅಂದ್ಕೊಂಡ್ವಿ." ಮುದುಕಿಯ ಒಣಗಿದ ಅಂಗೈ ಅವಳ ತಲೆಯ ಮೇಲೆ ಬಂತು. "ಬೈಯೋದಿದ್ರೆ ಇಬ್ಬರಿಗೂ ಬೈಬೇಕು. ಅವನು ಎದ್ದು ಬರಲಿ, ಅವನೇ ಬೈಲಿ."

ಸಂಜೆಯ ಬಿಸಿಲು ಕಿಟಕಿಯ ಕೆಳಗಿನ ಗಾಜಿಗೆ ಇಳಿದಾಗ ಸರ್ಜನ್ ಹೊರಗೆ ಬಂದರು. ಕೀವು ಬಂದಿತ್ತು, ತೊಳೆದಾಗಿತ್ತು, ನರ ಮತ್ತೆ ಮಿಡಿಯುತ್ತಿರುವುದನ್ನು ಕಣ್ಣಾರೆ ಕಂಡಿದ್ದರು. ಕೆಳಗಿನ ಚಿಕ್ಕದು ಔಷಧಿಗೆ ಕರಗಬೇಕು ಎಂದರು. ಕಾಲಿನ ಬಗ್ಗೆ ಕೇಳಿದ್ದಕ್ಕೆ, "ಕಾಯಬೇಕು" ಎಂದಷ್ಟೇ ಹೇಳಿ ಕೈ ಮುಗಿದು ಹೋದರು.

ಕಾಯುವುದು ಅವಳಿಗೆ ಬಾರದ ವಿದ್ಯೆ. ಎರಡನೆಯ ದಿನ ಅವನು ಕಾಲ ಬೆರಳನ್ನೂ ಅಲ್ಲಾಡಿಸಲಿಲ್ಲ. ಮೂರನೆಯ ದಿನ ಅವಳು ಹೆಬ್ಬೆರಳು ಹಿಂಡಿ ಹಿಂಡಿ ಕೆಂಪು ಮಾಡಿದ್ದನ್ನು ಕಂಡು ನರ್ಸಮ್ಮ, "ಅದು ಹಾಲು ಕರೆಯೋ ಕೆಚ್ಚಲಲ್ಲಮ್ಮ" ಎಂದು ಗದರಿದಳು. ಐದನೆಯ ಬೆಳಗ್ಗೆ, ಅವಳು ಹಿಂಡದೆ ಸುಮ್ಮನೆ ಅಂಗೈ ಇಟ್ಟು ಕೂತಿದ್ದಾಗ, ಅಂಗೈಯೊಳಗೆ ಏನೋ ಕದಲಿತು. ಹಕ್ಕಿಮರಿ ಮಿಸುಕಿದಷ್ಟು.

"ಕೈ ತಣ್ಣಗಿದೆ ನಿಂದು," ಎಂದ ಕಂಬ.

ಅವಳು ಕೈ ತೆಗೆಯಲಿಲ್ಲ. ಅತ್ತದ್ದು ಅವತ್ತೇ ಮೊದಲು.

ಔಷಧಿಯ ಆರು ವಾರ ಎಂಟಕ್ಕೆ ಹೋಯಿತು. ಆ ಎಂಟು ವಾರಗಳಲ್ಲಿ ಕಂಬ ಬಗ್ಗುವುದನ್ನು ಕಲಿತ. ಹಿಡಿಕೆ ಹಿಡಿದು, ಕೋಲು ಹಿಡಿದು, ಹೆಂಡತಿಯ ಭುಜ ಹಿಡಿದು ನಡೆದ. ಇನ್ನು ಮೂಟೆ ಹೊರುವಂತಿಲ್ಲ ಎಂದು ಸರ್ಜನ್ ಹೇಳಿದಾಗ ಅವನು ಗೋಡೆಯ ಕಡೆ ಮುಖ ತಿರುಗಿಸಿ ಅರ್ಧ ದಿನ ಮಲಗಿದ. ಆಮೇಲೆ, "ಹೊಲಿಗೆ ಕಲಿಸ್ತೀಯಾ?" ಎಂದ. ಕಲಿಸಿದಳು. ಹೊಸ ದಬ್ಬಣದಲ್ಲಿ. ಹಳೆಯದು ಡಾಕ್ಟರಮ್ಮನ ಮೇಜಿನಿಂದ ಎಲ್ಲಿಗೆ ಹೋಯಿತೋ ಅವಳು ಕೇಳಲಿಲ್ಲ.

ಅವನು ಗೋದಾಮಿಗೆ ಮರಳಿದ ವಾರದಲ್ಲೇ, ಮೇಸ್ತ್ರಿ ಅತ್ತಿತ್ತ ನೋಡುತ್ತ ಅವಳ ಮಣೆಯ ಹತ್ತಿರ ಬಂದು ಕೂತ. ಹೆಗಲ ಮೇಲೆ ಮಡಿಸಿದ ಬಟ್ಟೆ.

"ಅಕ್ಕ, ಸ್ವಲ್ಪ... ಅದು..."

"ಏನದು? ಹೆಸರು ಹೇಳು."

"ಹೆಸರೆತ್ತಬಾರದಲ್ಲಕ್ಕ."

"ಕುರು," ಎಂದಳು ಅವಳು, ಇಡೀ ಗೋದಾಮಿಗೆ ಕೇಳಿಸುವ ಹಾಗೆ. "ಕುರು, ಕುರು, ಕುರು. ಮೂರು ಸಲ ಕರೆದಿದ್ದೀನಿ, ಬರಲಿ ನೋಡೋಣ. ಎದ್ದೇಳು, ಆಸ್ಪತ್ರೆಗೆ. ರೀ, ನೀವೂ ಬನ್ನಿ, ಇವನು ದಾರೀಲಿ ತಪ್ಪಿಸ್ಕೊತಾನೆ."

ಮೂವರೂ ಹೊರಟರು. ಮುಂದೆ ಅವಳು, ನಡುವೆ ತಲೆ ತಗ್ಗಿಸಿದ ಮೇಸ್ತ್ರಿ, ಹಿಂದೆ ಕೋಲೂರುತ್ತ, ಎಡಗಾಲನ್ನು ತುಸು ಎಳೆಯುತ್ತ ಕಂಬ. ಅವಳ ನಡಿಗೆ ಎಂದಿನ ಓಟದ್ದೇ. ನಿಧಾನ ಎಂಬುದು ಅವಳ ಕಾಲಿಗೆ ಇನ್ನೂ ಹತ್ತಿರಲಿಲ್ಲ. ಬೀದಿಯ ತಿರುವಿನಲ್ಲಿ ಹಿಂದಿನಿಂದ ಅವನ ದನಿ ಬಂತು.

"ಏಯ್, ನಿಲ್ಲೇ ಸ್ವಲ್ಪ."

ತಿರುಗಿ ನೋಡಿದಳು. ಅವನು ಕೋಲಿಗೆ ಒರಗಿ ನಿಂತು, ಬರಿಯ ಎಡಗಾಲಿನಿಂದ ನೆಲ ತಡವುತ್ತಿದ್ದ.

"ಚಪ್ಪಲಿ ಕಳಚ್ಕೊಳ್ತು," ಎಂದ. "ನೆಲ ಸುಡ್ತಿದೆ."

ಅವಳು ನಿಂತಳು. ಅವನು ಚಪ್ಪಲಿ ಹುಡುಕಿ ಕಾಲಿಗೆ ಏರಿಸಿಕೊಳ್ಳುವ ತನಕ, ಒಂದೂ ಹೆಜ್ಜೆ ಎಣಿಸದೆ, ನಿಂತೇ ಇದ್ದಳು.